ಬಾಯಿಗೆ ಬಾರದ ಹೆಸರು

ಬೆಳಗೊಳದ ದ್ಯಾವಮ್ಮ ಒಗ್ಗರಣೆಗೆ ಕರಿಬೇವು ಹಾಕ್ತಾಳೆಯೇ ಹೊರತು ಆ ಮಾತನ್ನ ಬಾಯಲ್ಲಿ ಆಡುವವಳಲ್ಲ. ‘ಒಗ್ಗರಣೆ ಸೊಪ್ಪು ತತ್ತಾ’ ಅಂತಾಳೆ. ಯಾಕೆಂದರೆ ಗಂಡನ ಹೆಸರು ಕರಿಯಪ್ಪ. ಕಟ್ಟಿಕೊಂಡವನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತೆ ಅಂತ ಮದುವೆ ದಿನ ಅವಳವ್ವ ಕಿವಿಯಲ್ಲಿ ಊದಿ ಕಳಿಸಿದ್ದಳು. ಮೂವತ್ತೆಂಟು ವರ್ಷದಲ್ಲಿ ಆ ಮನುಷ್ಯನ ಮೇಲೆ ಎಂತೆಂಥಾ ಸಿಟ್ಟು ಬಂದರೂ ದ್ಯಾವಮ್ಮ ಅವನ ಆಯಸ್ಸಿನ ತಂಟೆಗೆ ಹೋದವಳಲ್ಲ.

ಸಿಟ್ಟು ಬರಿಸೋದರಲ್ಲಿ ಕರಿಯಪ್ಪನೇನು ಕಮ್ಮಿಯಾ? ಹನ್ನೆರಡು ವರ್ಷದ ಹಿಂದೆ ದ್ಯಾವಮ್ಮ ಕೆಆರ್‌ಎಸ್ ರಸ್ತೆ ಬದಿ ತೆಂಗಿನ ಗರಿ ಮರೆ ಕಟ್ಟಿ, ಒಂದು ಬೆಂಚು ಹಾಕಿ, ಮುದ್ದೆ, ನಾಟಿಕೋಳಿ ಸಾರು ಮಾರೋಕೆ ಕೂತಾಗ ಊರೆಲ್ಲ ಕೇಳುವಂಗೆ ಕೂಗಾಡಿದ್ದ. “ಗೌಡ್ರ ಮನೆ ಹೆಂಗ್ಸು ರೋಡಲ್ಲಿ ಕುಂತು ಅನ್ನ ಮಾರೋದಾ? ಥೂ! ಆ ಬೆಂಚಲ್ಲಿ ಕುಂತು ನಾನು ಒಂದು ತುತ್ತು ಉಂಡ್ರೆ ನನ್ ಹೆಸ್ರು ಕರಿಯಪ್ಪನೇ ಅಲ್ಲ!”

ಮಾತು ಅಂದರೆ ಮಾತು. ಹನ್ನೆರಡು ವರ್ಷ ಆ ಬೆಂಚಿನ ಕಡೆ ತಿರುಗಿ ಕೂಡ ನೋಡಲಿಲ್ಲ. ಮನೆಗೆ ತಂದು ಇಕ್ಕಿದರೆ ಮಾತ್ರ ಅದೇ ಸಾರನ್ನ ಸುರ್ ಅಂತ ಕೈಬೆರಳು ಸಮೇತ ಚೀಪೋನು. ಬುಡಿ, ಗಂಡಸರ ಮರ್ಯಾದೆಗೆ ಒಂದೊಂದು ಕಡೆ ಒಂದೊಂದು ಅಳತೆ.

ಈಗ ರಸ್ತೆ ಅಗಲ ಮಾಡ್ತಾರಂತೆ, ಗುಡ್ಲುಗಳನ್ನೆಲ್ಲ ಕೀಳ್ತಾರಂತೆ. ಬದಲಿಗೆ ಹನ್ನೆರಡು ಮಳಿಗೆ ಕಟ್ಟಿದ್ದಾರೆ. ತಾವೇ ನಿಂತು ಓಟ್ಲು ನಡೆಸೋ ಹೆಂಗಸರಿಗೆ ಮಾತ್ರ. ಮಳಿಗೆ ಸಿಕ್ಕಿದರೆ ಸಿಕ್ತು. ಇಲ್ಲದಿದ್ದರೆ ದ್ಯಾವಮ್ಮ ಒಲೆ ಎತ್ತಿಕೊಂಡು ಮನೆಗೆ ಹೋಗಬೇಕು, ಮತ್ತೆ ‘ಕರಿಯಪ್ಪನ ಹೆಂಡ್ತಿ’ ಅನ್ನಿಸಿಕೊಂಡು ಹಿತ್ತಲಲ್ಲಿ ಮುಸುರೆ ತಿಕ್ಕಬೇಕು. ಅದು ಮಾತ್ರ ಅವಳಿಂದ ಆಗೋ ಮಾತಲ್ಲ.

ಅರ್ಜಿಯಲ್ಲಿ ಓಟ್ಲಿನ ಹೆಸರು ಬರೀಬೇಕು. ಎಲ್ಲಾ ಬೋರ್ಡೂ ಒಂದೇ ಅಳತೆ, ಎರಡು ಪದ ಮೀರೋ ಹಾಗಿಲ್ಲ. ಹನ್ನೆರಡು ವರ್ಷದಿಂದ ಹೆಸರೇ ಇಲ್ಲದೆ ನಡೆದಿದ್ದ ಓಟ್ಲು! ಮಗ ಕಿಶನ್ ‘ಕಾವೇರಿ ಮೆಸ್’ ಅಂದ. ಆ ರಸ್ತೆಯಲ್ಲಿ ಆಗಲೇ ಮೂರು ಕಾವೇರಿ ಇದ್ದವು. ಸೊಸೆ ಅನು ‘ಅಮ್ಮನ ಊಟ’ ಅಂದಳು. ಅಷ್ಟು ಹೊತ್ತೂ ಜಗಲಿ ಮೇಲೆ ಕೂತು ಕೇಳಿಸಿಕೊಳ್ತಿದ್ದ ಕರಿಯಪ್ಪ ಕೆಮ್ಮಿದ. “ನನ್ ಹೆಸ್ರು ಹಾಕ್ಲಾ. ಗತ್ತಾಗಿರ್ತದೆ. ಅಂಗಿದ್ರೆ ನಂದೇನೂ ಅಡ್ಡಿಯಿಲ್ಲ.”

ಒಲೆ ಊದುತ್ತಿದ್ದ ದ್ಯಾವಮ್ಮ ಊದುಕೊಳವೆ ಕೆಳಗಿಟ್ಟಳು. ಹೊಗೆ ಕುಡಿದವಳು ನಾನು, ಹೆಸರು ಇವರದಾ? ಆದರೂ ಈ ಮನುಷ್ಯ ಒಪ್ಪಿದ್ದೇ ಹೆಚ್ಚು ಅಂದುಕೊಂಡು, “ಏನಾರ ಬರ್ಕಳಿ” ಅಂದುಬಿಟ್ಟಳು. ಕಿಶನ್ ‘ಕರಿಯಪ್ಪ ಮೆಸ್’ ಅಂತ ತುಂಬಿಸಿದ. ಫ್ಲೆಕ್ಸೂ ಬಂತು. ಕರಿಯಪ್ಪ ಅದನ್ನ ಅರಳಿಕಟ್ಟೆ ತನಕ ಹೊತ್ಕೊಂಡು ಹೋಗಿ ತೋರಿಸಿಕೊಂಡು ಬಂದ. ಆ ಹೆಸರನ್ನ ಅವಳು ಒಂದಲ್ಲ ಒಂದು ದಿನ ಬಾಯಿಬಿಟ್ಟು ಹೇಳಬೇಕಾಗುತ್ತೆ ಅಂತ ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನೋಡಿ!

ಶ್ರೀರಂಗಪಟ್ಟಣದ ಆಫೀಸಿನಲ್ಲಿ ಅರ್ಜಿ ಹಾಕಿದವರನ್ನ ವಿಚಾರಿಸೋಕೆ ಪವಿತ್ರ ಅಂತ ಸಣ್ಣ ವಯಸ್ಸಿನ ಅಧಿಕಾರಿ. ಬಂದವಳೇ ಕರಿಯಪ್ಪ, ಕಿಶನ್ ಸಮೇತ ಗಂಡಸರನ್ನೆಲ್ಲ ಬಾಗಿಲಾಚೆ ನಿಲ್ಲಿಸಿದಳು. ಹೆಂಡತಿ ಹೆಸರಲ್ಲಿ ಮಳಿಗೆ ತಗೊಂಡು ಗಲ್ಲಾ ಮೇಲೆ ತಾವು ಕೂರೋರನ್ನ ಕಂಡಿದ್ದಳು. ದ್ಯಾವಮ್ಮನಿಗಿಂತ ಮುಂದೆ ಕಿರಂಗೂರಿನ ಪುಟ್ಟತಾಯಮ್ಮ. “ದಿನಕ್ಕೆ ಎಷ್ಟು ಅಕ್ಕಿ ಬೇಯಿಸ್ತೀರಿ?” ಅಂದದ್ದಕ್ಕೆ ಆಕೆ ಬಾಗಿಲ ಕಡೆ ತಿರುಗಿ ಗಂಡನ ಮುಖ ನೋಡಿದಳು. ಮುಗೀತು. ಅರ್ಜಿ ಎಡಗಡೆ ರಾಶಿಗೆ ಬಿತ್ತು. ಎಡಗಡೆಗೆ ಬಿದ್ದದ್ದಕ್ಕೆ ಮಳಿಗೆಯಿಲ್ಲ.

ಮುಂದಿನ ಸರದಿ ದ್ಯಾವಮ್ಮನದು.

“ಮೂವತ್ತು ಮುದ್ದೆಗೆ ಎಷ್ಟು ಹಿಟ್ಟು?”

“ಮೂರೂವರೆ ಕೇಜಿ ತಾಯಿ. ಲಾರಿಯೋರು ಬಂದ್ರೆ ನಾಕು. ಅವರ್ಗೆ ದಪ್ಪ ಕಟ್ಬೇಕು.”

ಪವಿತ್ರ ನಕ್ಕಳು. “ಸರಿ. ನಿಮ್ಮ ಹೋಟೆಲ್ ಹೆಸರು ಹೇಳಿ.”

ದ್ಯಾವಮ್ಮ ಬಾಯಿ ತೆರೆದಳು, ಮುಚ್ಚಿದಳು. ಬಿಸಿ ತುಪ್ಪ ಬಾಯಿಗೆ ಬಿದ್ದಂಗಾಯ್ತು, ಉಗುಳಂಗಿಲ್ಲ, ನುಂಗಂಗಿಲ್ಲ.

“ಅರ್ಜೀಲೇ ಅದೆಯಲ್ಲ ತಾಯಿ.”

“ನೀವು ಹೇಳಿ.”

“ನಮ್ಮನೆಯೋರ ಹೆಸ್ರು…”

“ಮೇಡಂ, ಅದು—” ಅಂತ ಕಿಶನ್ ಬಾಗಿಲಿಂದ ಬಾಯಿ ಹಾಕಿದ.

“ನಿಮ್ಮನ್ನ ಕೇಳಲಿಲ್ಲ.” ಪವಿತ್ರ ಪೆನ್ನು ಕೆಳಗಿಟ್ಟಳು. “ಅಮ್ಮ, ನಮ್ಮಜ್ಜಿನೂ ತಾತನ ಹೆಸರು ಹೇಳ್ತಿರಲಿಲ್ಲ, ನನಗೆ ಅರ್ಥವಾಗುತ್ತೆ. ಆದರೆ ಸ್ವಂತ ಹೋಟೆಲಿನ ಹೆಸರನ್ನ ನೀವೇ ಹೇಳೋಕಾಗಲ್ಲ ಅಂದರೆ, ಅದು ನಿಮ್ಮದು ಅಂತ ನಾನು ಹೇಗೆ ಬರೆಯಲಿ?” ಕೈ ಅರ್ಜಿಯನ್ನ ಎತ್ತಿತು. ಎಡಗಡೆಗೆ ಹೊರಟಿತು.

ದ್ಯಾವಮ್ಮ ಬಾಗಿಲ ಕಡೆ ನೋಡಲಿಲ್ಲ. ನೋಡಿದರೆ ಕೆಟ್ಟೆ ಅಂತ ಗೊತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಅಂದುಬಿಟ್ಟರೆ? ‘ಕ’ ಅನ್ನೋದು ನಾಲಗೆ ತನಕ ಬಂತು. ಅಷ್ಟರಲ್ಲಿ ಎಲ್ಲಿತ್ತೋ ಹನ್ನೆರಡು ವರ್ಷದ ಸಿಟ್ಟು, ಅದೇ ಮೊದಲು ನುಗ್ಗಿತು.

“ಆ ಅರ್ಜಿ ಕೆಳಗಿಡವ್ವ!” ಅಂದಳು. ರೂಮಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. “ನನ್ ಬಾಯಲ್ಲಿ ಬರ್ದೇ ಇರೋ ಹೆಸ್ರು ನನ್ ಓಟ್ಲಿಗೆ ಯಾಕೆ? ಹೊಡ್ದಾಕು ಅದ. ಒಲೆ ನಂದು, ಹೊಗೆ ನಂದು, ಸುಟ್ಟ ಕೈ ನಂದು. ಪಾಂಡವಪುರದಿಂದ ಕಬ್ಬಿನ ಲಾರಿಯೋರು ಬತ್ತಾರಲ್ಲ, ಅವರು ಏನಂದ್ಕೊಂಡು ಬತ್ತಾರೆ ಗೊತ್ತಾ? ‘ನಡೀಲಾ, ದ್ಯಾವಕ್ಕನ ಮುದ್ದೆ ಉಣ್ಣಾನ’ ಅಂತಾರೆ. ಅದ್ನೇ ಬರ್ಕೊ. ದ್ಯಾವಕ್ಕನ ಮುದ್ದೆ. ಲೆಕ್ಕ ಹಾಕು, ಎರಡೇ ಪದ.”

ಪವಿತ್ರ ಹಳೆಯದನ್ನ ಹೊಡೆದು ಹಾಕಿ, ಹೊಸದನ್ನ ಬರೆದು, ಸಹಿ ಹಾಕಿಸಿಕೊಂಡು, ಅರ್ಜಿಯನ್ನ ಬಲಗಡೆಗಿಟ್ಟಳು. “ಗಂಡನ ಹೆಸರಿನ ಕಾಲಂ ಖಾಲಿ ಇದೆ,” ಅಂತ ಬಾಗಿಲ ಕಡೆ ತಿರುಗಿದಳು. “ಅದನ್ನ ಬೇಕಾದರೆ ಅವರೇ ಹೇಳಲಿ.”

“ಕರಿಯಪ್ಪ,” ಅಂದ ಅವನು. ಪಕ್ಕದಲ್ಲಿ ನಿಂತಿದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ.

ಮೂವರೂ ಬೆಳಗೊಳದ ಬಸ್ಸು ಹತ್ತಿದರು. ದ್ಯಾವಮ್ಮನಿಗೆ ಈಗ ಬೇರೆ ದಿಗಿಲು: ನಾಲ್ಕು ಜನದ ಮುಂದೆ ಹೊಡೆದಾಕಿಸಿಬಿಟ್ಟೆನಲ್ಲ, ಈ ಮನುಷ್ಯ ಮನೆಗೆ ಹೋದಮೇಲೆ ಏನು ರಂಪ ತೆಗೀತಾರೋ. ಗುಡ್ಲ ಹತ್ತಿರ ಅವಳು ಇಳಿದಳು; ಅವತ್ತು ಒಲೆ ನೋಡಿಕೊಳ್ತಿದ್ದವಳು ಅನು. ನೋಡಿದರೆ ಕರಿಯಪ್ಪನೂ ಹಿಂದೆಯೇ ಇಳಿದಿದ್ದ. ಕಿಶನ್ ಬಸ್ಸಿನಲ್ಲೇ ಮನೆಗೆ ಹೋದ.

ಕರಿಯಪ್ಪ ಟವಲ್ಲಿನಲ್ಲಿ ಬೆಂಚಿನ ಧೂಳು ಹೊಡೆದ. ಒಂದು ಗಳಿಗೆ ನಿಂತ. ಆಮೇಲೆ ಲಾರಿಯವರ ಪಕ್ಕದಲ್ಲಿ ಕೂತುಬಿಟ್ಟ.

“ಇಲ್ಲಿ ಕುಂತು ಉಂಡ್ರೆ ಹೆಸ್ರು ಓಯ್ತದೆ ಅಂದಿದ್ದು ಮರ್ತೋಯ್ತಾ?” ಅಂದಳು ದ್ಯಾವಮ್ಮ.

“ಅದು ಆಗ್ಲೇ ಓಯ್ತಲ್ಲಮ್ಮಿ, ಆಫೀಸಲ್ಲೇ,” ಅಂದ ಕರಿಯಪ್ಪ, ತಲೆ ಎತ್ತದೆ. “ಮುದ್ದೆ ಇಕ್ಕು.”