ಸರೋಜಕ್ಕನ ಡಬ್ಬಿಯಲ್ಲಿ ಸತ್ತ ಸಾಕ್ಷಿಗಳು

ಬೆಳಗಿನ ಐದೂವರೆ ಗಂಟೆ. ಉಪ್ಪುಂದದಲ್ಲಿ ಕಡಲಿಗೆ ಇಳಿಯುವ ರಸ್ತೆಯ ಪಕ್ಕ, ಹೆಂಚಿನ ಮನೆಯ ಮುಂಗೋಣೆಯಲ್ಲಿ ಸರೋಜಕ್ಕ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಒಂದು ಕೈಯಲ್ಲಿ ಚಾ ಲೋಟ, ಇನ್ನೊಂದು ಕೈ ಮೌಸಿನ ಮೇಲೆ, ಮಡಿಲಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಡಬ್ಬಿ ತುಂಬ ಕಂಪ್ಯೂಟರಿನ ಸತ್ತ ಬಿಡಿಭಾಗಗಳು: ತಿರುಗದ ಫ್ಯಾನು, ಹಸಿರು ಕಿಲುಬು ಹಿಡಿದ ಮೆಮೊರಿ ಕಡ್ಡಿ, ಹೊಟ್ಟೆ ಉಬ್ಬಿದ ಕೆಪಾಸಿಟರು. ಅದರಲ್ಲೊಂದನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು, ಮೇಲಿನ ನಂಬರು ಓದಿ, ಪರದೆಯ ಮೇಲೆ ತೆರೆದಿಟ್ಟ ಜಾಲತಾಣದಲ್ಲಿ ಅದನ್ನೇ ಹುಡುಕುತ್ತಾರೆ. ಮೂರು ನಿಮಿಷ ಓದುತ್ತಾರೆ. "ಇದೂ ಹೋಯ್ತ್" ಎಂದು ಜಾಲತಾಣವನ್ನೇ ಮುಚ್ಚಿಬಿಡುತ್ತಾರೆ.

ಕಂಪ್ಯೂಟರ್ ರಿಪೇರಿ ಮಾಡುವವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಬೇಕಾದಷ್ಟು ಮಂದಿ ಇದ್ದಾರೆ. ಸರೋಜಕ್ಕನೂ ರಿಪೇರಿ ಮಾಡುತ್ತಾರೆ. ಆದರೆ ಅವರಿಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ರಿಪೇರಿಗಲ್ಲ. ಇಂಥ ಲ್ಯಾಪ್‌ಟಾಪ್ ಒಳ್ಳೆಯದೆಂದು ಇಂಥ ಜಾಲತಾಣದಲ್ಲಿ ಬರೆದಿದ್ದಾರೆ, ನಂಬಬಹುದಾ? ಬಿಜೂರಿನಿಂದ ಮೇಷ್ಟ್ರು ಕೇಳುತ್ತಾರೆ, ಸಾಲಿಗ್ರಾಮದಿಂದ ಫೋಟೋ ಸ್ಟುಡಿಯೋದ ಭೋಜರಾಜ ಕೇಳುತ್ತಾರೆ, ಕುಂದಾಪುರದಿಂದ ಲೆಕ್ಕಪರಿಶೋಧಕರ ಆಫೀಸಿನ ಹುಡುಗಿಯರು ಕೇಳುತ್ತಾರೆ. ದಿನಕ್ಕೆ ಹನ್ನೆರಡಕ್ಕೆ ಕಡಿಮೆಯಿಲ್ಲ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಇಪ್ಪತ್ತು ದಾಟುತ್ತದೆ, ಮನೆಯಲ್ಲಿ ಕೂತ ಅಪ್ಪಂದಿರಿಗೆ ಮಕ್ಕಳ ಕಂಪ್ಯೂಟರಿನ ನೆನಪಾಗುವುದು ಆಗಲೇ.

ಈ ಸಲಹೆಗೆ ಅವರು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ದುಡ್ಡಿಗೆ ಹೊಗಳುವ ಜಾಲತಾಣದವರಿಗೂ ತನಗೂ ಏನು ವ್ಯತ್ಯಾಸ ಎಂದು ನನ್ನನ್ನೇ ಕೇಳುತ್ತಾರೆ. "ಅತ್ಯುತ್ತಮ ಹತ್ತು" ಎಂಬ ಪಟ್ಟಿ ನೋಡಿ ಲ್ಯಾಪ್‌ಟಾಪ್ ಕೊಂಡು, ಹನ್ನೊಂದೇ ತಿಂಗಳಿಗೆ ಅದನ್ನು ಇದೇ ಮೇಜಿನ ಮೇಲೆ ತಂದಿಟ್ಟವನು ನಾನು.

ಅವರ ಪರೀಕ್ಷೆಯ ಕ್ರಮ ಸರಳ. "ಹೊಸ ಸಾಮಾನಿನ್ ಬಗ್ಗೆ ಎಂತ ಬರ್ದಿರ್ ಅಂದೇಳಿ ನಾ ಸುರುವಿಗೆ ಓದುದಿಲ್ಲೆ. ನನ್ ಕೈಯಗೇ ಸತ್ತದ್ದ್ ಇತ್ತಲ್ದಾ, ಅದ್ರ್ ಬಗ್ಗೆ ಎಂತ ಬರ್ದಿರ್ ಅಂದೇಳಿ ಓದಿ ಕಾಂತೆ. ಇದನ್ನ 'ಭಾರಿ ಗಟ್ಟಿ' ಅಂದೇಳಿ ಬರ್ದಿದ್ರೆ ಮತ್ತೆ ಅವ್ರ್ ಹೇಳುದನ್ನೆಲ್ಲ ಎಂತಕೆ ಕೇಂಬುದ್?" ಎನ್ನುತ್ತಾ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಾರೆ. ಅದರಲ್ಲಿ ಅರವತ್ತಮೂರು ಸಾಮಾನುಗಳಿವೆ. ಯಾವುದು ಯಾರ ಮನೆಯಲ್ಲಿ ಎಷ್ಟು ದಿನ ಬದುಕಿತ್ತು ಎಂಬುದು ಅವರಿಗೆ ಬಾಯಿಪಾಠ.

ಈ ಗುಮಾನಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಹದಿನೇಳನೇ ವಯಸ್ಸಿಗೆ ಅಪ್ಪ ತೀರಿಹೋದಾಗ ಚಿಕ್ಕಮ್ಮನ ಜೊತೆ ಮುಂಬೈ ಬಸ್ಸು ಹತ್ತಿದವರು. ಕಂಪ್ಯೂಟರ್ ಅಂಗಡಿಯಲ್ಲಿ ಡಬ್ಬಿ ಜೋಡಿಸುವ ಕೆಲಸ. ಬೆಸುಗೆ ಹಾಕುವುದನ್ನು ಪಕ್ಕದ ಮೇಜಿನವರನ್ನು ನೋಡಿಯೇ ಕಲಿತರು. ಕೆಲವು ವರ್ಷ ಕಳೆದ ಮೇಲೆ ಮಾಲೀಕ ಇನ್ನೊಂದು ಕೆಲಸ ಹಚ್ಚಿದ: ಅಂಗಡಿಯ ಸಾಮಾನಿಗೆ ಇಂಟರ್ನೆಟ್ಟಿನಲ್ಲಿ ಐದು ನಕ್ಷತ್ರ ಹಾಕಿ ಹಿಂದಿಯಲ್ಲಿ ಹೊಗಳುವುದು.

"ಡಬ್ಬಿ ಒಡ್ದಿರ್ಲಿಲ್ಲೆ, ಸೀಲ್ ಹಾಂಗೇ ಇದ್ದಿತ್ತ್. ನಾ ಬರ್ದದ್ದ್ ಎಂತ ಗೊತ್ತಿತ್ತಾ? ಆರ್ ತಿಂಗ್ಳಿಂದ ಬಳಸ್ತಾ ಇದ್ದೆ, ಒಂದ್ ಚೂರೂ ತೊಂದ್ರೆ ಇಲ್ಲೆ ಅಂದೇಳಿ. ಒಂದ್ ಸಲ ಗಂಡ್ಸಿನ್ ಹೆಸ್ರಂಗೆ, ಒಂದ್ ಸಲ ಹೆಂಗ್ಸಿನ್ ಹೆಸ್ರಂಗೆ. ದಿನಕ್ಕೆ ನಲ್ವತ್ತ್."

ಒಂದು ದಿನ ಆ ಅಂಗಡಿಗೆ ಊರ ಕಡೆಯವರೇ ಒಬ್ಬರು, ಕ್ಯಾಂಟೀನಿನಲ್ಲಿ ದುಡಿಯುವ ಸುಧಾಕರ ಎಂಬವರು, ಸುಟ್ಟುಹೋದ ಕಂಪ್ಯೂಟರ್ ಹೊತ್ತು ಬಂದರು. ಓದಿ ನೋಡಿಯೇ ಕೊಂಡದ್ದು ಮಾರಾಯ್ತಿ ಎಂದು ಫೋನು ತೆರೆದು ತೋರಿಸಿದರು. ಅದರಲ್ಲಿದ್ದದ್ದು ಸರೋಜಕ್ಕ ಬರೆದ ಸಾಲು. ಆ ವಾರವೇ ಕೆಲಸ ಬಿಟ್ಟು ಊರಿಗೆ ಬಂದರು. ಬಂದು ಹದಿಮೂರು ವರ್ಷವಾಯಿತು. ಸುಧಾಕರರ ಕಂಪ್ಯೂಟರಿನ ಸುಟ್ಟ ಬಿಡಿಭಾಗ ಈಗಲೂ ಡಬ್ಬಿಯ ತಳದಲ್ಲಿದೆ.

ಊರಿಗೆ ಬಂದ ಮೇಲೆ ಇನ್ನೊಂದು ಕಷ್ಟ ಎದುರಾಯಿತು. ಪ್ರಾಮಾಣಿಕವಾಗಿ ಬರೆಯುವವರ ಮಾತೂ ಇಲ್ಲಿಗೆ ಹೊಂದುವುದಿಲ್ಲ. "ಅವ್ರ್ ಎ.ಸಿ. ಕೋಣೆಯಗೆ ಓಡ್ಸಿ ಕಾಂತ್ರ್. ನಮ್ಮಲ್ಲ್ ಕಡ್ಲ್ ಗಾಳಿ, ಉಪ್ಪ್. ಮಳ್ಗಾಲದಗೆ ಕರೆಂಟ್ ದಿನಕ್ಕೆ ಹತ್ತ್ ಸಲ ಹೋಯಿ ಬತ್ತ್. ಇದಕ್ಕೆ ತಡಿತ್ತಾ ಅಂದೇಳಿ ಬರೆವವ್ರೇ ಇಲ್ಲೆ." ಆಮೇಲೆ "ಒಬ್ರ್ ಇದ್ದಿದ್ರ್" ಎನ್ನುತ್ತಾರೆ. ಆ "ಇದ್ದಿದ್ರ್" ಎಂಬಲ್ಲಿ ಅವರ ಧ್ವನಿ ಇಳಿಯುತ್ತದೆ.

ಎಲ್ಲೋ ದೂರದೇಶದ ಕಡಲೂರಿನ ಒಬ್ಬ ಮುದುಕ. ನಿವೃತ್ತ ಎಲೆಕ್ಟ್ರಿಷಿಯನ್. ಸರೋಜಕ್ಕ ಅವರನ್ನು "ಅಜ್ಜ" ಎಂದೇ ಕರೆಯುತ್ತಾರೆ. ದೋಣಿ ಇಡುವ ಕೊಟ್ಟಿಗೆಯಲ್ಲಿ ಕಂಪ್ಯೂಟರ್ ಸಾಮಾನುಗಳನ್ನು ವರ್ಷಗಟ್ಟಲೆ ಓಡಿಸಿ, ಎಲ್ಲಿ ಎಷ್ಟು ತುಕ್ಕು ಬಂತು ಎಂದು ಫೋಟೋ ಸಮೇತ ತಮ್ಮ ಜಾಲತಾಣದಲ್ಲಿ ಬರೆಯುತ್ತಿದ್ದರಂತೆ. ಫೋಟೋದಲ್ಲಿ ಅವರ ಹೆಬ್ಬೆರಳೂ ಇರುತ್ತಿತ್ತು, ಉಗುರಿನಲ್ಲಿ ಗ್ರೀಸು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಸರೋಜಕ್ಕ ನಿಘಂಟು ಪಕ್ಕದಲ್ಲಿಟ್ಟುಕೊಂಡು ಆ ಬರಹಗಳಿಂದಲೇ ಇಂಗ್ಲಿಷ್ ಕಲಿತರು. ಅಜ್ಜ ಪದೇ ಪದೇ ಬರೆಯುತ್ತಿದ್ದ ಒಂದು ಮಾತು ಅವರಿಗೆ ಮೊದಲು ಬಾಯಿಗೆ ಬಂತು: ನಾನು ಪರೀಕ್ಷಿಸಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲ.

ಮೂರು ವರ್ಷದ ಹಿಂದೆ ಒಂದು ಮಳೆಗಾಲ. ಆಚೆಮನೆಯ ಪದ್ದಕ್ಕ ಮೀನು ಮಾರುವವರು. ಮಗಳು ಮೋಕ್ಷಿತಾಳ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಕರೆಂಟನ್ನು ಹದಮಾಡಿ ಒಳಗೆ ಕೊಡುವ ಪೆಟ್ಟಿಗೆ, ಕೆಟ್ಟಿತು. ಹೊಸದು ಯಾವುದು ಹಾಕಲಿ ಎಂದು ಸರೋಜಕ್ಕ ಅಜ್ಜನ ಜಾಲತಾಣ ತೆರೆದರು. ಅಭ್ಯಾಸದಂತೆ ಡಬ್ಬಿಯಿಂದ ಒಂದು ಸತ್ತ ಸಾಮಾನು ತೆಗೆದು ತಾಳೆ ನೋಡಿದರು. ಅಜ್ಜ ಅದನ್ನು ತೆಗಳಿಯೇ ಬರೆದಿದ್ದರು. ಪರೀಕ್ಷೆ ಪಾಸು. ಹೊಸ ಪೆಟ್ಟಿಗೆಯನ್ನು ಹೊಗಳಿದ ಬರಹವನ್ನು ನಂಬಿ ಅದನ್ನೇ ತರಿಸಿ ಹಾಕಿದರು.

ಅಜ್ಜ ಆ ಜಾಲತಾಣವನ್ನು ಅಷ್ಟರಲ್ಲಾಗಲೇ ಮಾರಿದ್ದರು. ಸರೋಜಕ್ಕನ ಸತ್ತ ಸಾಕ್ಷಿ ಹಳೆಯದು, ಅದರ ಬಗ್ಗೆ ಬರೆದದ್ದು ಅಜ್ಜ. ಹೊಸ ಪೆಟ್ಟಿಗೆಯ ಬಗ್ಗೆ ಬರೆದದ್ದು ಜಾಲತಾಣವನ್ನು ಕೊಂಡುಕೊಂಡವರು. ಹೆಸರು ಅದೇ, ಬಣ್ಣ ಅದೇ. ಹತ್ತೊಂಬತ್ತನೇ ದಿನ ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಸುಟ್ಟು, ಜೊತೆಗೆ ಹಾರ್ಡ್ ಡಿಸ್ಕನ್ನೂ ಸುಟ್ಟಿತು.

"ಆ ಫೋಟೋದಗೆ ಹೆಬ್ಬೆಟ್ಟ್ ಇಲ್ಲೆ ಅಂಬುದನ್ನ ನಾ ಕಾಣ್ಲೇ ಇಲ್ಲೆ" ಎನ್ನುತ್ತಾರೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಆ ಡಿಸ್ಕಿನಲ್ಲಿ ಪದ್ದಕ್ಕನ ಗಂಡ ತಿಮ್ಮ ಇದ್ದರು. ಅವರು ಎದೆನೋವಿನಿಂದ ತೀರಿಹೋಗುವ ಮುಂಚಿನ ತಿಂಗಳು ಮೋಕ್ಷಿತಾ ಫೋನಿನಲ್ಲಿ ತೆಗೆದ ನಲವತ್ತು ಸೆಕೆಂಡಿನ ವಿಡಿಯೊ. ಫೋನು ನೀರಿಗೆ ಬಿದ್ದು ಹಾಳಾಗುವ ಮುನ್ನ ಅದನ್ನು ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ದಂಡೆಯಲ್ಲಿ ಬಲೆ ಹೊಲಿಯುತ್ತಾ ಕೂತ ತಿಮ್ಮ ಕತ್ತೆತ್ತಿ ಹೆಂಡತಿಯನ್ನು ಕೂಗುತ್ತಾರೆ: "ಹ್ವಾಯ್, ಚಾ ಆಯ್ತಾ?" ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಕ್ರಮ ಅವರಲ್ಲಿರಲಿಲ್ಲ. ಇಪ್ಪತ್ತಾರು ವರ್ಷ ಪದ್ದಕ್ಕನಿಗೆ ಆ "ಹ್ವಾಯ್" ಎಂಬುದೇ ಹೆಸರು. ಆ ಧ್ವನಿ ಬೇರೆಲ್ಲೂ ಇಲ್ಲ.

ಪದ್ದಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ ಸರೋಜಕ್ಕ. ಡಿಸ್ಕು ಈಗ ಸರೋಜಕ್ಕನ ಕಪಾಟಿನಲ್ಲಿದೆ, ಹತ್ತಿ ಬಟ್ಟೆ ಸುತ್ತಿ, ಉಪ್ಪುಗಾಳಿ ತಾಗದ ಹಾಗೆ ಅಕ್ಕಿ ತುಂಬಿದ ಡಬ್ಬದಲ್ಲಿ. ಸುಟ್ಟದ್ದು ಅಡಿಯ ಹಸಿರು ಬೋರ್ಡು. ವಿಡಿಯೊ ಕೂತಿರುವ ಒಳಗಿನ ತಟ್ಟೆ ಉಳಿದಿರಬಹುದು. ಇಂಥದ್ದನ್ನು ತೆರೆದು ಒಳಗಿನದನ್ನು ತೆಗೆದುಕೊಡುವ ಕಂಪನಿಗಳಿವೆ. ಕೈ ತಪ್ಪಿದರೆ ಒಂದೇ ಸಲಕ್ಕೆ ಎಲ್ಲವೂ ಅಳಿಸಿಹೋಗುತ್ತದೆ. ಹಾಗಾದರೆ ಯಾರ ಕೈಗೆ ಕೊಡುವುದು? ಆ ಕಂಪನಿಗಳನ್ನು ಹೊಗಳಿ ಬರೆದ ಬರಹಗಳು ನೂರಾರಿವೆ. ಅವನ್ನು ಓದಿದಾಗಲೆಲ್ಲ ಸರೋಜಕ್ಕನಿಗೆ ಮುಂಬೈಯ ತನ್ನದೇ ನಲವತ್ತು ಹೆಸರುಗಳು ಕಾಣಿಸುತ್ತವೆ.

ಅಜ್ಜನನ್ನೇ ಕೇಳೋಣವೆಂದು ಜಾಲತಾಣಕ್ಕೆ ಬರೆದರು. ಹೊಸ ಮಾಲೀಕರಿಂದ ರಿಯಾಯಿತಿ ಕೂಪನ್ ಬಂತು! ಅಜ್ಜನ ಹಳೇ ಫೋಟೋವೊಂದರ ಮೂಲೆಯಲ್ಲಿ, ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಒಂದು ಇ-ಮೇಲ್ ವಿಳಾಸ ಅರ್ಧ ಕಂಡಿತು. ಉಳಿದರ್ಧವನ್ನು ಊಹಿಸಿ ಊಹಿಸಿ ಹದಿನೇಳು ಪತ್ರ ಕಳಿಸಿದರು. ಹದಿನಾರು ವಾಪಸು ಬಂದವು. ಹದಿನೇಳನೆಯದಕ್ಕೆ ಐದು ತಿಂಗಳ ಮೇಲೆ ಉತ್ತರ ಬಂತು.

ಅದನ್ನು ಅವರು ಕಾಗದದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ್ದಾರೆ. ಕಣ್ಣು ಮಂಜಾಗಿ ಜಾಲತಾಣ ಮಾರಬೇಕಾಯಿತು, ಕ್ಷಮಿಸಿ ಎಂದಿದೆ. ಆಮೇಲೆ: ಯಾವ ಕಂಪನಿ ಒಳ್ಳೆಯದೆಂದು ನಾನು ಪರೀಕ್ಷಿಸಿಲ್ಲ, ಹಾಗಾಗಿ ನನಗೆ ಗೊತ್ತಿಲ್ಲ. ಕಳೆದುಕೊಂಡರೂ ಚಿಂತೆಯಿಲ್ಲದ ಡಿಸ್ಕೊಂದನ್ನು ಮೊದಲು ಕಳಿಸಿ ನೋಡಿ.

"ಗೊತ್ತಿಲ್ಲೆ ಅಂದೇಳಿ ಓದಿದ ಕೂಡ್ಲೇ ನಂಗೆ ಅಳು ಬಂತ್ ಕಾಣಿ. ಇದ್ ಅವ್ರೇ ಬರ್ದದ್ದ್ ಅಂದೇಳಿ ಗೊತ್ತಾಯ್ತ್" ಎಂದು ಸರೋಜಕ್ಕ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಅಂದಿನಿಂದ ಹೊಸ ಪರೀಕ್ಷೆ ನಡೆದಿದೆ. ಹಳೇ ಡಿಸ್ಕಿಗೆ ತಮ್ಮದೇ ಧ್ವನಿಯಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿ ತುಂಬುತ್ತಾರೆ. ಪದ್ದಕ್ಕನ ಡಿಸ್ಕು ಸುಟ್ಟ ಹಾಗೆಯೇ ಅದನ್ನೂ ಸುಡುತ್ತಾರೆ. ತಿರುಪುಗಳ ತಲೆಗೆ ಒಂದೊಂದು ಚುಕ್ಕಿ ಉಗುರುಬಣ್ಣ ಹಚ್ಚಿ ಕೊರಿಯರ್ ಮಾಡುತ್ತಾರೆ. ಮೊದಲ ಕಂಪನಿಯವರು ಡಿಸ್ಕಿನಲ್ಲಿ ಏನೂ ಇರಲೇ ಇಲ್ಲ ಎಂದರು. ಎರಡನೆಯವರು ತೆರೆದು ಬಹಳ ಪ್ರಯತ್ನಪಟ್ಟೆವು ಎಂದು ಪತ್ರ ಬರೆದರು. ಉಗುರುಬಣ್ಣ ಕದಲಿರಲಿಲ್ಲ. ಮೂರನೆಯವರು ಡಿಸ್ಕನ್ನೇ ಕಳೆದುಹಾಕಿದರು. ಇವರೆಲ್ಲರಿಗೂ ಇಂಟರ್ನೆಟ್ಟಿನಲ್ಲಿ ಐದಕ್ಕೆ ನಾಲ್ಕೂಮುಕ್ಕಾಲು ನಕ್ಷತ್ರ ಇದೆ, ತಮಾಷೆ ನೋಡಿ.

ಆರೂಕಾಲಕ್ಕೆ ಬಾಗಿಲಲ್ಲಿ ನೆರಳು. ಮೀನಿನ ಬುಟ್ಟಿ ಸೊಂಟಕ್ಕಿಟ್ಟ ಪದ್ದಕ್ಕ. ದಂಡೆಗೆ ಹೋಗುವ ಮುಂಚೆ ದಿನವೂ ಇಲ್ಲಿ ಒಂದು ನಿಮಿಷ ನಿಲ್ಲುತ್ತಾರೆ.

"ಎಂತ ಆಯ್ತ್ ಹೆಣ್ಣೆ?"

"ನಾಲ್ಕನೇದ್ ಕಳ್ಸಿದೆ ಪದ್ದಕ್ಕ. ಇನ್ನೂ ಬರ್ಲಿಲ್ಲೆ."

"ಒಳ್ಳೆ ಜನವಾ ಅವ್ರ್?"

"ಗೊತ್ತಿಲ್ಲೆ."

ಪದ್ದಕ್ಕ ತಲೆಯಾಡಿಸುತ್ತಾರೆ. "ಗೊತ್ತಾಪಲ್ಲಿವರೆಗೆ ನಿನ್ ಹತ್ರವೇ ಇರ್ಲಿ" ಎಂದು ಅಕ್ಕಿಯ ಡಬ್ಬದ ಕಡೆ ಒಮ್ಮೆ ನೋಡಿ ರಸ್ತೆಗೆ ಇಳಿಯುತ್ತಾರೆ. ಕಡಲ ಕಡೆಯಿಂದ ಯಾರೋ ಯಾರನ್ನೋ "ಹ್ವಾಯ್" ಎಂದು ಕೂಗುತ್ತಾರೆ. ಪದ್ದಕ್ಕ ನಿಲ್ಲುತ್ತಾರೆ, ಮತ್ತೆ ನಡೆಯುತ್ತಾರೆ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಸರೋಜಕ್ಕ ನೋಡುತ್ತಾರೆ.

ನಾಲ್ಕನೆಯವರು ಒಂದರಿಂದ ಇಪ್ಪತ್ತರವರೆಗಿನ ಎಣಿಕೆಯನ್ನು ಸರಿಯಾಗಿ ತೆಗೆದುಕೊಟ್ಟರೆ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಪದ್ದಕ್ಕನ ಡಿಸ್ಕನ್ನು ಕೊರಿಯರಿಗೆ ಕೊಡುವುದಿಲ್ಲವಂತೆ. ಮಡಿಲಲ್ಲಿಟ್ಟುಕೊಂಡು ತಾವೇ ಬಸ್ಸಿನಲ್ಲಿ ಹೋಗುತ್ತಾರಂತೆ. ಧ್ವನಿ ಸಿಕ್ಕಿದರೂ ತಾವು ಕೇಳಿ ನೋಡುವುದಿಲ್ಲವಂತೆ. ಯಾಕೆ ಎನ್ನುತ್ತೇನೆ. ಸರೋಜಕ್ಕ ಸತ್ತ ಸಾಕ್ಷಿಗಳ ಡಬ್ಬಿಗೆ ಮುಚ್ಚಳ ಹಾಕುತ್ತಾರೆ.

"ಆ ಸ್ವರ ಸುರುವಿಗೆ ಪದ್ದಕ್ಕನೇ ಕೇಣ್ಕ್. ನಾ ಹೊರ್ಗೆ ನಿಂತ್ಕಂತೆ. ಅವ್ರ್ 'ಹ್ವಾಯ್' ಅಂದಾಗ 'ಓ' ಅಂಬುಕೆ ಇವ್ರೇ ಇರ್ಕಲ್ದಾ?"