ಮುರ್ತುಜಸಾಬನ ಮಗ್ಗಕ್ಕೆ ಬಂದ ಬಿಜಲಿ

ಇಳಕಲ್ಲಿನ ನೇಕಾರ ಮುರ್ತುಜಸಾಬನ ಮಗ್ಗದಲ್ಲಿ ಎಳೆ ಹರಿದರೆ ತಪ್ಪು ಯಾರದಾದರೂ ಆಗಬಹುದು, ಅವನದಂತೂ ಅಲ್ಲ. ನೂಲಿನ ಗಿರಣಿಯವರದು, ಬಣ್ಣ ಹಾಕಿದವನದು, ಒಣಗಾಳಿಯದು. ಯಾರೂ ಸಿಗದಿದ್ದರೆ ಹೆಂಡತಿ ಮಕ್ತುಮಬಿ ಇದ್ದೇ ಇದ್ದಳು. ಅಡುಗೆಮನೆಯಲ್ಲಿ ಆಕೆ ಕೆಮ್ಮಿದ್ದಕ್ಕೇ ತನ್ನ ಕೈ ಅಲುಗಿತೆಂದು ಜಗಳ ತೆಗೆದ ಪುಣ್ಯಾತ್ಮ ಅವನು! ಕೆಲಸ ಮಾತ್ರ ಅಪ್ಪಟ.

ಇಂಥವನ ಮನೆಗೆ ಬಾಗಲಕೋಟೆಯಿಂದ ಬಂದ ಹೊಸ ಸೊಸೆ ಆಫ್ರೀನ ತನ್ನ ಜೊತೆಗೆ ಬೆಕ್ಕನ್ನೂ ತಂದಳು. ಬೆಂಗಾಲ್ ಜಾತಿಯದು; ಕಾಡಿನ ಚಿರತೆಬೆಕ್ಕಿಗೂ ಮನೆಬೆಕ್ಕಿಗೂ ಸಂಕರವಾಗಿ ಬಂದ ತಳಿ. ಮೈತುಂಬ ಚಿರತೆಯ ಚುಕ್ಕೆ, ಹೆಸರು ಬಿಜಲಿ. ಬಂದ ದಿನವೇ ನೀರಿನ ಹಂಡೆಗಿಳಿದು ಆಡಿತು. ನೋಡಲು ಓಣಿಯೇ ನೆರೆಯಿತು.

"ಕಾಡಿನ ರಕ್ತ ಅದು. ಮಗ್ಗ ಇದ್ದ ಮನ್ಯಾಗ ನಡಿಯೂದಿಲ್ಲ," ಎಂದ ಮುರ್ತುಜಸಾಬ.

"ಒಂದ ಎಳಿ ಹರದ್ರೂ ತವರಮನಿಗೆ ಬಿಟ್ಟ ಬರ್ತೇನ್ರಿ, ಅಬ್ಬಾ," ಎಂದಳು ಆಫ್ರೀನ. ಬೆಕ್ಕನ್ನು ಎದೆಗವಚಿಕೊಂಡಳು. ಆ ಮನೆಯಲ್ಲಿ ಆಕೆಗೆ ಹಳೇ ಪರಿಚಯದ ಜೀವ ಅದೊಂದೇ.

ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಬಿಜಲಿ ಅದನ್ನು ಬೇಗ ಪತ್ತೆಹಚ್ಚಿತು. ಮುರ್ತುಜಸಾಬ ಕಾಲಿನಿಂದ ದೂಡಿದರೆ ಆಟವೆಂದುಕೊಂಡು ಮತ್ತೆ ಬಂತು. ಕೊನೆಗೆ ಅವನ ಪಾದದ ಮೇಲೇ ತಲೆಯಿಟ್ಟು ಮಲಗತೊಡಗಿತು. ಆಗೆಲ್ಲ ಅವನು ನೇಯುವುದನ್ನು ನಿಲ್ಲಿಸಿ ಅಲುಗದೆ ಕೂರುತ್ತಿದ್ದ. ಕೇಳಿದವರಿಗೆ ಸೊಂಟನೋವು ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಮಾಜು ಮುಗಿಸಿ ಬಂದರೆ, ಬಿಜಲಿ ಮಗ್ಗದ ಮೇಲೆ ಹಲ್ಲಿಯ ಬೆನ್ನು ಹತ್ತಿದೆ! ಸೆರಗಿನ ಕೆಂಪು ರೇಷ್ಮೆ ಎಳೆಗಳು ಹರಿದು ಜೋತಾಡುತ್ತಿದ್ದವು. ಮುರ್ತುಜಸಾಬ ಮಗ್ಗದತ್ತ ಓಡಿದ. ಸೀರೆಯ ಚಿಂತೆ ಆಮೇಲೆ ಬಂತು, ಮೊದಲು ನೆನಪಾದದ್ದು ಸೊಸೆಯ ಮಾತು. ಬೆಕ್ಕನ್ನು ಕುಣಿಗಿಳಿಸಿ, ಗಡಿಬಿಡಿಯಲ್ಲಿ ಎಳೆಗಳನ್ನು ಜೋಡಿಸತೊಡಗಿದ.

ಅರ್ಧವೂ ಮುಗಿದಿರಲಿಲ್ಲ, ಅತ್ತೆ ಸೊಸೆ ಚಹಾ ತಂದರು. ಹರಿದ ಎಳೆ ಕಂಡದ್ದೇ ಆಫ್ರೀನಳ ಮುಖ ಬಾಡಿತು.

"ಇದನ್ನ ಯಾರ ಹರದ್ರು?" ಎಂದಳು ಮಕ್ತುಮಬಿ, ತನ್ನ ತಲೆಗೇ ಬರುತ್ತದೆಂದು ಜಗಳಕ್ಕೆ ಸಜ್ಜಾಗಿ.

ಮುರ್ತುಜಸಾಬ ತಲೆ ಎತ್ತಲಿಲ್ಲ. "ನಾನ ಹರದೇನಿ. ವಯಸ್ಸಾತು, ಕೈ ನಡಗತಾವ."

ಮಕ್ತುಮಬಿ ಗಾಬರಿಯಾಗಿ ಚಹಾ ಕೆಳಗಿಟ್ಟು, ಜ್ವರವೇನಾದರೂ ಬಂದಿದೆಯೋ ಎಂದು ಅವನ ಹಣೆ ಮುಟ್ಟಿದಳು. ಆಫ್ರೀನಳಿಗೆ ಮಾತ್ರ ಕುಣಿಯಿಂದ ಮೇಲೆದ್ದಿದ್ದ ಚುಕ್ಕೆಬಾಲ ಕಾಣುತ್ತಿತ್ತು. ಆಕೆ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ಅಳುತ್ತಲೇ ನಕ್ಕಳು.