ಅಂಬರಗುಬ್ಬಿ ಬಾಲದ ಕೋಟು

ಅಂದು ನಾನು ನಕ್ಕೆನೋ, ಸುಮ್ಮನೆ ತಲೆಯಾಡಿಸಿದೆನೋ, ಈಗ ಖಚಿತವಾಗಿ ಹೇಳಲಾರೆ. ನಕ್ಕೆ ಎಂದೇ ಚಿಕ್ಕಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಅದು. ನಾನು ಬಿ.ಎ. ಮುಗಿಸಿ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಯಾರು ಏನು ಹೇಳಿದರೂ ಪುರಾವೆ ಕೇಳುವ ಚಾಳಿ ಹತ್ತಿತ್ತು. ಮಳವಳ್ಳಿಯ ಚಿಕ್ಕಮ್ಮನ ಗಂಡ ದರ್ಜಿ. ಯುದ್ಧಕ್ಕೆ ಮೊದಲೇ ಮದ್ದೂರಿನ ಇನ್ನೊಬ್ಬ ದರ್ಜಿಯ ಜೊತೆ ಸಿಂಗಪುರಕ್ಕೆ ಹೋಗಿದ್ದ. ಐದು ವರ್ಷದಿಂದ ಕಾಗದವಿರಲಿಲ್ಲ. ನಾನು ಚಿಕ್ಕಮ್ಮನ ಮನೆಗೆ ಹೋಗಿದ್ದ ದಿನವೇ ಮದ್ದೂರಿನವನು ಒಬ್ಬನೇ ಬಂದು ಜಗಲಿಯ ಮೇಲೆ ಚಿಕ್ಕಪ್ಪನ ಕತ್ತರಿ ಇಟ್ಟ.

“ಜರ ಬಂದು ಓಗ್ಬುಟ್ರು ಕಣಕ್ಕ. ನಾನೇ ಮಣ್ಣು ಮಾಡ್ದೆ.”

ಚಿಕ್ಕಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿದಳು. “ನೀನು ಓದಿರೋನು ಕಣ್ಲಾ ಮಗ. ಇವ್ನು ಯೋಳೋದು ದಿಟವಾ, ಕೇಳು.”

ಕತ್ತರಿ ಕದ್ದದ್ದೂ ಇರಬಹುದು. ಅಲ್ಲಿ ಏನು ಹೊಲಿಯುತ್ತಿದ್ದಿರಿ ಎಂದು ಕೇಳಿದೆ.

“ಜಪಾನಿನೋರು ಸಾಯಂಕಾಲದ ಔತಣಕ್ಕೆ ಆಕ್ಕೊಳೋ ಬಟ್ಟೆ. ಎನ್ಬಿಫುಕು ಅಂತ ಕರಿ ಕೋಟು, ಒಳಗೆ ಚೊಕ್ಕಿ ಅಂತ ತೋಳಿಲ್ದ ಬಿಳಿ ಅಂಗಿ, ಕತ್ತಿಗೆ ಚೋನೆಕುತಾಯಿ ಅಂತ ಚಿಟ್ಟೆ ಟೈ. ಎಸ್ರು ತಪ್ಪುದ್ರೆ ಕೆನ್ನೆಗೆ ಬೀಳೋದು. ಬಾವನೇ ನಂಗೆ ಬಾಯಿಪಾಠ ಮಾಡ್ಸಿದ್ದು.”

“ಎನ್ಬಿಫುಕು ಅಂದ್ರೇನು?”

“ಅಂಬರಗುಬ್ಬಿ ಬಾಲದ ಬಟ್ಟೆ. ಇಂದ್ಗಡೆ ಕವಲಾಗಿರ್ತದೆ.”

ಇಂಗ್ಲಿಷರೂ ಆ ಕೋಟಿಗೆ ಇದೇ ಹಕ್ಕಿಯ ಹೆಸರು ಹೇಳುತ್ತಾರೆ. ಅದನ್ನು ಎಲ್ಲೋ ಕೇಳಿಕೊಂಡು ಬಾಯಿಗೆ ಬಂದ ಸದ್ದು ಸೇರಿಸಿದ್ದಾನೆ ಎಂದುಕೊಂಡೆ. ಅನ್ನಕ್ಕೆ ಜನ ಸಾಯುತ್ತಿದ್ದ ಕಾಲದಲ್ಲಿ ಬಾಲದ ಕೋಟು! “ಬುಡಣ್ಣ, ಕತೆ ಕಟ್ಬ್ಯಾಡ” ಎಂದೆ.

ಅವನು ಎದ್ದ. “ಸುಳ್ಳೇಳಿ ನಂಗೇನು ಬರಬೇಕಕ್ಕ? ತಿಥಿನಾರ ಮಾಡ್ಸು.”

“ತಕ್ಕೊಂಡೋಗು ನಿನ್ನ ಕತ್ರಿಯ” ಎಂದಳು ಚಿಕ್ಕಮ್ಮ. ಅವನು ಒಯ್ದ.

ತಿಥಿ ಮಾಡಿಸಲಿಲ್ಲ. ಮದ್ದೂರಿನ ಬಸ್ಸು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾನು ಹೋದಾಗಲೆಲ್ಲ, “ನೀನು ನಕ್ಕುಬುಟ್ಟೆಯಲ್ಲ, ಅದಕ್ಕೇ ನಂಗೆ ಧೈರ್ಯ” ಎನ್ನುವಳು. ಹನ್ನೊಂದು ವರ್ಷ ಕಾದು, ಹಣೆಯ ಕುಂಕುಮ ಹಾಗೇ ಇಟ್ಟುಕೊಂಡು ಸತ್ತಳು.

ಆಮೇಲೆ ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ ಜಪಾನಿ ನಿಘಂಟು ಸಿಕ್ಕಿತು. ಚಿಕ್ಕಪ್ಪನನ್ನು ಯಾರು ಮಣ್ಣು ಮಾಡಿದರೆಂದು ಅದು ಹೇಳುವುದಿಲ್ಲ. ಎನ್ಬಿ ಎಂದರೆ ಅಂಬರಗುಬ್ಬಿಯ ಬಾಲ. ಫುಕು ಎಂದರೆ ಬಟ್ಟೆ.